ರಾತ್ರಿ ಕೇಳಿದ ಸದ್ದು

(ಹರಿಹರದ ಕಲಿಕಾ ಕೇಂದ್ರದಲ್ಲಿ ಹೆಂಗಸರ ಮುಂದೆ ಆಡಿದ ಮಾತು)



ನಾನು ದೊಡ್ಡ ಭಾಷಣ ಮಾಡುವವಳಲ್ಲ. ನಿಮ್ಮ ಹಾಗೇ ಹೆಬ್ಬೆಟ್ಟು ಒತ್ತುತ್ತಿದ್ದವಳು. ಈ ಹರಿಹರ ನನ್ನ ತವರು. ತುಂಗಭದ್ರೆ ಹೊಳೆಯ ನೀರು ಕುಡಿದು ಬೆಳೆದೆ. ಹರಿಹರೇಶ್ವರನ ತೇರು ನೋಡಿ ದೊಡ್ಡವಳಾದೆ. ಶಾಲೆಯ ಮೆಟ್ಟಿಲು ಮಾತ್ರ ಹತ್ತಲಿಲ್ಲ. ಮದುವೆ ಆಯಿತು. ಇಲ್ಲಿಂದ 14 ಕಿಲೋಮೀಟರ್ ದೂರದ ದಾವಣಗೆರೆಗೆ ಹೋದೆ. ಅಲ್ಲಿ ಎರಡು ಮಕ್ಕಳ ತಾಯಿ ಆದ ಮೇಲೆ ಅಕ್ಷರ ಕಲಿತೆ.

ಇವತ್ತು ಒಂದು ಮನೆಯ ಕಥೆ ಹೇಳುತ್ತೇನೆ. ಕಥೆ ಅಂದರೆ ಕಟ್ಟುಕಥೆ ಅಲ್ಲ. ನಾನು ಬಾಳಿದ ಮನೆ. ಆ ಮನೆಯಲ್ಲಿ ರಾತ್ರಿ ಸದ್ದು ಆಗುತ್ತಿತ್ತು. ಯಾಕೆ ಆಗುತ್ತಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ.

ಇದು 1990ರ ದಶಕದ ಮಾತು. ಆಗ ದಾವಣಗೆರೆ ಇನ್ನೂ ಜಿಲ್ಲೆ ಆಗಿರಲಿಲ್ಲ. ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ದಾವಣಗೆರೆ ಹತ್ತಿ ಗಿರಣಿಗಳ ಊರು. ಮಂಡಕ್ಕಿ ಭಟ್ಟಿಗಳ ಊರು. ದುಡಿಯುವ ಜನ ಬಹಳ. ಬಾಡಿಗೆ ಮನೆ ಸಿಗುವುದು ಕಷ್ಟ. ಸಿಕ್ಕರೂ ಬಾಡಿಗೆ ಜಾಸ್ತಿ.

ಯುಗಾದಿ ಆದ ಮೇಲೆ ಹಳೇ ಊರಿನ ಒಂದು ಓಣಿಯಲ್ಲಿ ನಮಗೆ ಒಂದು ಮನೆ ಸಿಕ್ಕಿತು. ಮಣ್ಣಿನ ಗೋಡೆ. ಮುಂದೆ ಹಂಚು. ಹಿಂದೆ ಅಡುಗೆ ಮನೆಗೂ ಬಚ್ಚಲಿಗೂ ತಗಡು. ನಡುವೆ ಒಂದು ಅಟ್ಟ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಎಲ್ಲಕ್ಕಿಂತ ಹೆಚ್ಚಾಗಿ ಬಾಡಿಗೆ ಬಹಳ ಕಡಿಮೆ. ನನ್ನ ಗಂಡ ಖುಷಿಯಾಗಿ ಬಂದರು. ನಮ್ಮ ಅತ್ತೆ ಮಾತ್ರ ಒಂದು ಮಾತು ಕೇಳಿದರು: "ಇಷ್ಟು ಕಡಿಮೆಗೆ ಯಾಕೆ ಕೊಡ್ತಾನ?"

ಅದಕ್ಕೆ ಉತ್ತರ ಮೊದಲ ರಾತ್ರಿಯೇ ಬಂತು.

ಎಲ್ಲರೂ ಮಲಗಿದ್ದೆವು. ತಲೆಯ ಮೇಲೆ 'ಟಣ್' ಅಂತ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ 'ಟಕ್'. ಯಾರೋ ಕಲ್ಲು ಎಸೆದ ಹಾಗೆ. ಗಂಡ ಹೊರಗೆ ಹೋಗಿ ನೋಡಿದರು. ಯಾರೂ ಇಲ್ಲ.

ಎರಡನೇ ರಾತ್ರಿ ಅಟ್ಟದ ಮೇಲೆ 'ಗುಡುಗುಡು' ಅಂತ ಏನೋ ಉರುಳಿತು. ಮೂರನೇ ರಾತ್ರಿ ಎಲ್ಲಕ್ಕಿಂತ ಕೆಟ್ಟದ್ದು. ಬಚ್ಚಲ ಕಡೆಯಿಂದ ಗೆಜ್ಜೆ ಸದ್ದು. 'ಝಲ್ ಝಲ್ ಝಲ್'. ಅದರ ಹಿಂದೆಯೇ ಯಾರೋ ಉಸ್ ಅಂತ ಉಸಿರು ಬಿಟ್ಟ ಹಾಗೆ. ನನ್ನ ಮಗಳಿಗೆ ಆಗ 8 ವರ್ಷ. ನನ್ನ ಸೆರಗು ಹಿಡಿದು ನಡುಗಿದಳು.

ಓಣಿಯಲ್ಲಿ ಕೇಳಿದೆವು. ಒಬ್ಬಾಕೆ ದನಿ ಇಳಿಸಿ ಹೇಳಿದಳು: "ನಿಮಗ ಯಾರೂ ಹೇಳಲಿಲ್ಲೇನು? ಹಿಂದೆ ಆ ಮನಿಯಾಗ ಒಬ್ಬ ಸೊಸೆ ಇದ್ಲು. ಬಾವಿಗೆ ಬಿದ್ದು ಸತ್ಲು. ಅವಳೇ ಓಡಾಡ್ತಾಳ. ಯಾರೂ ಆರು ತಿಂಗಳ ಮ್ಯಾಲೆ ನಿಂತಿಲ್ಲ ಅಲ್ಲಿ."

ಅವತ್ತಿನಿಂದ ನಮ್ಮ ಮನೆಯಲ್ಲಿ ನಿದ್ದೆ ಹೋಯಿತು. ನಿದ್ದೆ ಇಲ್ಲದೆ ಮಗಳು ಶಾಲೆಯಲ್ಲಿ ತೂಕಡಿಸಿದಳು. ಆಮೇಲೆ ಶಾಲೆ ಬಿಟ್ಟೇ ಬಿಟ್ಟಳು. ಸಣ್ಣ ಮಗನಿಗೆ ಜ್ವರ ಬಂತು. "ಅದರ ಕಣ್ಣು ಬಿದ್ದೈತಿ" ಅಂದರು ಅತ್ತೆ. ಒಬ್ಬ ಮಂತ್ರವಾದಿಯನ್ನು ಕರೆಸಿದರು. ಅವನು ಮೂಲೆ ಮೂಲೆ ಮೂಸಿ ನೋಡಿದ. ದಿಗ್ಬಂಧನ ಹಾಕಬೇಕು ಅಂದ. 1,100 ರೂಪಾಯಿ, ಒಂದು ಕರಿ ಕೋಳಿ, ಹೊಸ ಸೀರೆ ಕೇಳಿದ.

ನಮ್ಮ ಹತ್ತಿರ ಅಷ್ಟು ದುಡ್ಡು ಎಲ್ಲಿ? ನನ್ನ ಕಿವಿಯಲ್ಲಿ ಒಂದು ಜೊತೆ ಓಲೆ ಇತ್ತು. ತವರಿನಲ್ಲಿ ನನ್ನವ್ವ ಕೂಲಿ ಮಾಡಿ ಮಾಡಿಸಿಕೊಟ್ಟದ್ದು. ಅದನ್ನು ಒತ್ತೆ ಇಡಬೇಕು ಅಂತ ಮಾತಾಯಿತು.

ಅದೇ ಕಾಲದಲ್ಲಿ ಇನ್ನೊಂದು ಸುದ್ದಿ ಹಬ್ಬಿತ್ತು. ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬೇಕು. "ನಾಳೆ ಬಾ" ಸುದ್ದಿ. ರಾತ್ರಿ ಒಂದು ದೆವ್ವ ಬರುತ್ತದಂತೆ. ಹೆಣ್ಣು ದೆವ್ವ. ನಮ್ಮವರ ದನಿಯಲ್ಲೇ ಕರೆಯುತ್ತದಂತೆ. ಬಾಗಿಲು ತೆರೆದರೆ ಸಾವಂತೆ. ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದರೆ, ಓದಿಕೊಂಡು ಹೋಗುತ್ತದಂತೆ. ಮರುದಿನ ಬಂದು ಮತ್ತೆ ಓದುತ್ತದಂತೆ. ಮತ್ತೆ ಹೋಗುತ್ತದಂತೆ. ಬೆಂಗಳೂರಿನಲ್ಲಿ, ಹಳ್ಳಿಗಳಲ್ಲಿ, ಕರ್ನಾಟಕದ ಎಷ್ಟೋ ಕಡೆ ಜನ ಸೀಮೆಸುಣ್ಣ ಹಿಡಿದು ಬಾಗಿಲ ಮೇಲೆ ಹೀಗೆ ಬರೆದರು.

ಆಗ ನಾನು ಸಾಕ್ಷರತಾ ಕೇಂದ್ರಕ್ಕೆ ಹೋಗುತ್ತಿದ್ದೆ. ಸರ್ಕಾರ 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರು ಮಾಡಿತ್ತು. ಜಿಲ್ಲೆ ಜಿಲ್ಲೆಯಲ್ಲಿ ಆಂದೋಲನ ನಡೆದಿತ್ತು. ರಾತ್ರಿ ಒಂದು ಗಂಟೆ ಪಾಠ. ಒಬ್ಬ ಕಾಲೇಜು ಹುಡುಗಿ ಕಲಿಸುತ್ತಿದ್ದಳು. ನನಗೆ ಕಾಗುಣಿತ ಆಗಷ್ಟೇ ಬಂದಿತ್ತು.

ನಮ್ಮ ಓಣಿಯಲ್ಲೂ ಎಲ್ಲರೂ ಬರೆದರು. ನಾನೇ ನನ್ನ ಕೈಯಾರೆ ಬರೆದೆ. ನಾ, ಳೆ, ಬಾ. ಮೂರೇ ಅಕ್ಷರ. ಪುಸ್ತಕ ನೋಡದೆ, ಯಾರನ್ನೂ ಕೇಳದೆ ನಾನು ಬರೆದ ಮೊದಲ ಮಾತು ಅದು. ಬರೆದು ಹಿಂದೆ ಸರಿದು ನೋಡಿದೆ. ಬಹಳ ಹೆಮ್ಮೆ ಆಯಿತು.

ಈಗ ನೆನೆದರೆ ನಗು ಬರುತ್ತದೆ. ದೆವ್ವಕ್ಕೆ ಓದಲು ಬರುತ್ತದೆ ಅಂತ ಎಲ್ಲರೂ ನಂಬಿದರು. ನಮ್ಮ ಓಣಿಯ ಎಷ್ಟೋ ಹೆಂಗಸರಿಗೆ ಮಾತ್ರ ಓದಲು ಬರುತ್ತಿರಲಿಲ್ಲ. ಅದನ್ನು ಯಾರೂ ಕೊರತೆ ಅಂತ ತಿಳಿಯಲಿಲ್ಲ.

ನಮ್ಮ ಮನೆಯ ಸದ್ದಿನ ವಿಷಯ ಪಾಠದಲ್ಲಿ ಹೇಳಿದೆ. ಎಲ್ಲರೂ ಹೆದರಿದರು. ಕಲಿಸುವ ಹುಡುಗಿ ನನ್ನನ್ನು ನೋಡಿ ನಗಲಿಲ್ಲ. "ದೆವ್ವ ಇಲ್ಲ ಬಿಡಿ" ಅಂತ ಬಾಯಿ ಮುಚ್ಚಿಸಲೂ ಇಲ್ಲ. "ಅಕ್ಕಾ, ಒಂದು ಕೆಲಸ ಮಾಡ್ತೀರಾ? ಸದ್ದು ಕೇಳಿದಾಗೆಲ್ಲ ಬರೆದಿಡಿ. ಯಾವ ವಾರ, ಎಷ್ಟು ಗಂಟೆ, ಎಂಥ ಸದ್ದು, ಯಾವ ಕಡೆಯಿಂದ. ಇಷ್ಟೇ ಬರೀರಿ. ಮೂರು ವಾರ ಆಗಲಿ. ಆಮೇಲೆ ಓಲೆ ಒತ್ತೆ ಇಡೋ ಮಾತು ನೋಡೋಣ" ಅಂದಳು.

ಅವಳು ಒಂದು ನೋಟ್ ಪುಸ್ತಕ ಕೊಟ್ಟಳು. ನಾನು ಗಡಿಯಾರ ನೋಡುವುದನ್ನೂ ಅದೇ ವಾರ ಕಲಿತೆ.

ಮೊದಲು ನನ್ನ ಬರಹ ಹೀಗಿತ್ತು: "ಸೋಮವಾರ. ರಾತ್ರಿ 9. ಟಣ್. ತಗಡು." "ಸೋಮವಾರ. ರಾತ್ರಿ 2. ಗೆಜ್ಜೆ. ಬಚ್ಚಲು." ಒತ್ತು ತಪ್ಪು, ದೀರ್ಘ ತಪ್ಪು. ಆದರೂ ಬರೆದೆ. ಒಂದು ವಿಚಿತ್ರ ಕೇಳಿ. ಬರೆಯಲು ಕೂತಾಗ ಹೆದರಿಕೆ ಅರ್ಧ ಇಳಿಯುತ್ತಿತ್ತು. ಸದ್ದು ಬಂದ ಕೂಡಲೇ ಮುಸುಕು ಎಳೆದುಕೊಳ್ಳುವ ಬದಲು, "ಎಷ್ಟು ಗಂಟೆ? ಯಾವ ಕಡೆ?" ಅಂತ ಕಿವಿ ಕೊಡುತ್ತಿದ್ದೆ.

ಒಂದೊಂದೇ ಸದ್ದಿನ ಗುಟ್ಟು ಹೇಳುತ್ತೇನೆ.

ಮೊದಲನೆಯದು 'ಟಣ್ ಟಕ್' ಸದ್ದು. ಅದು ದಿನಾ ಬರುತ್ತಿತ್ತು. ಹೊತ್ತು ಮುಳುಗಿ ತಂಪು ಹತ್ತಿದ ಮೇಲೆ ಬರುತ್ತಿತ್ತು. ಮೋಡ ಕವಿದ ದಿನ ಕಡಿಮೆ. ಬಿಸಿಲು ಜೋರಿದ್ದ ದಿನ ಜಾಸ್ತಿ. ನಮ್ಮಣ್ಣ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಲೇತ್ ಯಂತ್ರ ಮಾಡುತ್ತಿದ್ದ ಕಾರ್ಖಾನೆ ಅದು. ಮುಂದೆ ಮುಚ್ಚಿಹೋಯಿತು. ಅಣ್ಣ ನನ್ನ ಪುಸ್ತಕ ನೋಡಿದ. "ಇದು ಕಬ್ಬಿಣದ ಗುಣ ತಂಗೀ" ಅಂದ.

ಬಂಡಿ ಗಾಲಿಗೆ ಕಮ್ಮಾರ ಕಬ್ಬಿಣದ ಪಟ್ಟಿ ಹಾಕುವುದನ್ನು ನೀವು ನೋಡಿದ್ದೀರಿ. ಪಟ್ಟಿ ಗಾಲಿಗಿಂತ ಸ್ವಲ್ಪ ಸಣ್ಣದಿರುತ್ತದೆ. ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾನೆ. ಕಾದ ಕಬ್ಬಿಣ ಹಿಗ್ಗುತ್ತದೆ. ಆಗ ಗಾಲಿಗೆ ಕೂರಿಸಿ ನೀರು ಹಾಕುತ್ತಾನೆ. ತಣ್ಣಗಾದ ಕಬ್ಬಿಣ ಕುಗ್ಗುತ್ತದೆ. ಗಾಲಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ.

ನಮ್ಮ ತಗಡೂ ಹಾಗೇ. ದಾವಣಗೆರೆಯ ಬೇಸಿಗೆ ಬಿಸಿಲಿಗೆ ತಗಡು ಕೈ ಇಡಲಾರದಷ್ಟು ಕಾಯುತ್ತದೆ. ರಾತ್ರಿ ತಣ್ಣಗಾಗುತ್ತದೆ. 10 ಅಡಿ ಉದ್ದದ ತಗಡು ಹೀಗೆ ಕಾದು ಆರಿದರೆ ಸುಮಾರು ಒಂದು ನಾಣ್ಯದ ದಪ್ಪದಷ್ಟು ಕುಗ್ಗುತ್ತದೆ. ಆದರೆ ಮೊಳೆ ಅದನ್ನು ಹಿಡಿದಿರುತ್ತದೆ. ತಗಡು ಎಳೆಯುತ್ತದೆ. ಮೊಳೆ ಬಿಡುವುದಿಲ್ಲ. ಎಳೆದು ಎಳೆದು ಒಮ್ಮೆಲೇ ಜಾರಿದಾಗ 'ಟಣ್' ಅನ್ನುತ್ತದೆ. ಹಳೇ ತೊಲೆ, ಜಂತೆಗಳೂ ಹಾಗೇ. ಮರ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. 'ಕಿರ್' ಅನ್ನುತ್ತದೆ.

ಕಲ್ಲು ಎಸೆದವರು ಯಾರೂ ಇರಲಿಲ್ಲ. ಎಸೆದವನು ಸೂರ್ಯ ಅನ್ನಬೇಕು.

ಎರಡನೆಯದು ಅಟ್ಟದ ಮೇಲಿನ 'ಗುಡುಗುಡು'. ಒಂದು ಸಂಜೆ ಅಟ್ಟದ ಮೇಲೆ ತೆಳ್ಳಗೆ ರಾಗಿ ಹಿಟ್ಟು ಚೆಲ್ಲಿದೆ. ಬೆಳಿಗ್ಗೆ ಹತ್ತಿ ನೋಡಿದೆ. ಹಿಟ್ಟಿನ ತುಂಬ ಸಣ್ಣ ಸಣ್ಣ ಹೆಜ್ಜೆ. ಇಲಿ! ಹಿಂದಿನವರು ಬಿಟ್ಟು ಹೋದ ಒಣ ಕೊಬ್ಬರಿ ಗಿಟುಕು ಒಂದು ಮೂಲೆಯಲ್ಲಿತ್ತು. ಅದನ್ನು ಇಲಿ ಉರುಳಿಸುತ್ತಿತ್ತು. ಅಟ್ಟ ಹಲಗೆಯದು, ಕೆಳಗೆ ಟೊಳ್ಳು. ತಮಟೆಯ ಹಾಗೆ ಸಣ್ಣ ಸದ್ದನ್ನೂ ದೊಡ್ಡದು ಮಾಡುತ್ತಿತ್ತು.

ಮೂರನೆಯದು ಗೆಜ್ಜೆ. ಇದು ನನ್ನನ್ನು ಬಹಳ ಕಾಡಿತು. ಪುಸ್ತಕದಲ್ಲಿ ಗೆಜ್ಜೆ ಬಂದ ವಾರಗಳನ್ನು ಎಣಿಸಿದೆ. ಸೋಮವಾರ, ಗುರುವಾರ, ಭಾನುವಾರ, ಬುಧವಾರ, ಶನಿವಾರ. ಎಣಿಸಿ ನೋಡಿ. ಸರಿಯಾಗಿ ಮೂರು ದಿನಕ್ಕೊಮ್ಮೆ. ಅದೂ ರಾತ್ರಿ ಎರಡರ ಹೊತ್ತಿಗೆ.

ನಮ್ಮ ಓಣಿಗೆ ಮೂರು ದಿನಕ್ಕೊಮ್ಮೆ ಬರುವುದು ಏನು? ನಲ್ಲಿ ನೀರು! ನಾವು ಬೆಳಿಗ್ಗೆ ಐದಕ್ಕೆ ಎದ್ದು ಹಿಡಿಯುತ್ತಿದ್ದೆವು. ನೀರು ಬಿಡುತ್ತಿದ್ದದ್ದು ರಾತ್ರಿ ಎರಡಕ್ಕೆ. ಖಾಲಿ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ನೀರು ಬಂದಾಗ ಆ ಗಾಳಿಯನ್ನು ಮುಂದಕ್ಕೆ ನೂಕುತ್ತದೆ. ಗಾಳಿ ನಲ್ಲಿಯಿಂದ ಉಸ್ ಅಂತ ಹೊರಗೆ ಬರುತ್ತದೆ. ಪೈಪು ನಡುಗುತ್ತದೆ. ನಮ್ಮ ಬಚ್ಚಲ ಪೈಪಿಗೆ ಹಿಡಿಕೆ ಸಡಿಲ ಆಗಿತ್ತು. ಅದಕ್ಕೆ ಆತು ಒಂದು ಹಳೇ ಕೊಡದ ಸರಪಣಿ ನೇತಾಡುತ್ತಿತ್ತು. ಪೈಪು ನಡುಗಿದರೆ ಸರಪಣಿ 'ಝಲ್ ಝಲ್'. ನಾನು ಸರಪಣಿ ತೆಗೆದೆ. ಪೈಪಿಗೆ ಚಿಂದಿ ಸುತ್ತಿ ಬಿಗಿಯಾಗಿ ಕಟ್ಟಿದೆ. ಗೆಜ್ಜೆ ನಿಂತಿತು. ಅಷ್ಟೇ ಅಲ್ಲ. ನೀರು ಎರಡಕ್ಕೆ ಬರುತ್ತದೆ ಅಂತ ಗೊತ್ತಾಗಿ ಎರಡು ಕೊಡ ಜಾಸ್ತಿ ತುಂಬಿದೆ. ದೆವ್ವದಿಂದ ನಮಗೆ ಲಾಭವೇ ಆಯಿತು!

ಇನ್ನೊಂದು ಮಾತು. ರಾತ್ರಿ ಸದ್ದು ಯಾಕೆ ಹತ್ತಿರ ಕೇಳುತ್ತದೆ? ಇದೇ ಹರಿಹರದಲ್ಲಿ ಹೊಳೆಯ ಸೇತುವೆ ಮೇಲೆ ರೈಲು ಹೋಗುತ್ತದೆ. ಹಗಲು ಯಾರೂ ಅದಕ್ಕೆ ಕಿವಿ ಕೊಡುವುದಿಲ್ಲ. ರಾತ್ರಿ ನಮ್ಮ ಹಿತ್ತಲಲ್ಲೇ ಹೋದ ಹಾಗೆ ಕೇಳುತ್ತದೆ. ಒಂದು, ರಾತ್ರಿ ಬೇರೆ ಗದ್ದಲ ಇರುವುದಿಲ್ಲ. ಎರಡು, ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿ ತಂಪಾಗಿ, ಮೇಲಿನ ಗಾಳಿ ಬೆಚ್ಚಗೆ ಇರುತ್ತದೆ. ಆಗ ಮೇಲಕ್ಕೆ ಹೋಗುವ ಸದ್ದು ಬಾಗಿ ಕೆಳಕ್ಕೆ ಬರುತ್ತದೆ. ಹಾಗಾಗಿ ದೂರಕ್ಕೂ ಕೇಳುತ್ತದೆ.

ಗೂಬೆಯ ಮಾತೂ ಹೇಳಿಬಿಡುತ್ತೇನೆ. ಪಾಳು ಗೋಡೆಯಲ್ಲಿ ಬಿಳಿ ಮುಖದ ಗೂಬೆ ಇರುತ್ತದೆ. ಕಿರ್ರನೆ ಚೀರುತ್ತದೆ. ಅದರ ಮರಿಗಳು ಗೊರಕೆ ಹೊಡೆದ ಹಾಗೆ ಉಸಿರು ಬಿಡುತ್ತವೆ. ಅಪಶಕುನ ಅಂತ ಕಲ್ಲು ಹೊಡೆಯುತ್ತೇವೆ. ಆದರೆ ಅದು ತಿನ್ನುವುದು ಇಲಿಯನ್ನು. ರೈತರ ಕಾಳು ಉಳಿಸುವ ಹಕ್ಕಿ ಅದು. ಹೊಡೆಯಬೇಡಿ.

ಹೀಗೆ ಮೂರು ಸದ್ದಿಗೆ ಉತ್ತರ ಸಿಕ್ಕಿತು. ಓಲೆ ಕಿವಿಯಲ್ಲೇ ಉಳಿಯಿತು. ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇಷ್ಟು ದೂರ ಬಂದು ಹೇಳುತ್ತಿರಲಿಲ್ಲ. ಪುಸ್ತಕದಲ್ಲಿ ಇನ್ನೊಂದು ಸದ್ದು ಉಳಿದಿತ್ತು.

"ಶನಿವಾರ. ರಾತ್ರಿ 11. ಅಳುವ ಸದ್ದು. ಗೋಡೆ ಕಡೆ."

ಒಬ್ಬ ಹೆಂಗಸು ಬಾಯಿಗೆ ಸೆರಗು ತುರುಕಿಕೊಂಡು ಅತ್ತ ಹಾಗೆ. ಅತ್ತೆ ಹೇಳುತ್ತಿದ್ದರು: "ಅದೇ ಸೊಸೆ. ಬಾವಿಗೆ ಬಿದ್ದವಳು."

ಎರಡನೇ ಶನಿವಾರ ಅಳು ನಿಂತ ಮೇಲೆ ನಮ್ಮ ಬಾಗಿಲು ಬಡಿದ ಸದ್ದಾಯಿತು. ಮೆಲ್ಲಗೆ. "ಅಕ್ಕಾ... ಅಕ್ಕಾ..." ಅಂತ ಕೂಗು. ನಾನು ಎದ್ದೆ. ಅತ್ತೆ ನನ್ನ ಕೈ ಹಿಡಿದು ಕೂರಿಸಿದರು. "ಹೋಗಬ್ಯಾಡ. ಗೊತ್ತಿದ್ದವರ ದನಿಯಾಗೇ ಕರೀತೈತಿ ಅಂತ ಕೇಳಿಲ್ಲೇನು?" ಅಂದರು. ನನಗೂ ಹೆದರಿಕೆ. ನಾವು ಉಸಿರು ಬಿಗಿ ಹಿಡಿದು ಕೂತೆವು. ಮತ್ತೆ ಎರಡು ಸಲ ಬಡಿಯಿತು. ಆಮೇಲೆ ನಿಂತಿತು. ಬಾಗಿಲ ಮೇಲೆ ಬರೆದದ್ದು ಕೆಲಸ ಮಾಡಿತು ಅಂದುಕೊಂಡೆವು.

ಮೂರು ವಾರ ಆದ ಮೇಲೆ ಪುಸ್ತಕ ತೆಗೆದು ಓದಿದೆ. ಅಳು ಬಂದದ್ದು ಮೂರು ಸಲ. ಮೂರೂ ಶನಿವಾರ. ಬೇರೆ ದಿನ ಒಂದೂ ಇಲ್ಲ. ಶನಿವಾರ ಏನು? ಮಳೆಯಲ್ಲ, ಗಾಳಿಯಲ್ಲ, ನೀರಿನ ಪಾಳಿಯೂ ಅಲ್ಲ. ಪುಸ್ತಕ ಹಿಡಿದು ಬಹಳ ಹೊತ್ತು ಕೂತೆ. ಆಮೇಲೆ ಹೊಳೆಯಿತು. ಶನಿವಾರ ಬಟವಾಡೆ. ನಮ್ಮ ಓಣಿಯ ಗಂಡಸರಿಗೆ ವಾರದ ಕೂಲಿ ಸಿಗುವ ದಿನ. ಕುಡಿಯುವ ದಿನ.

ನನ್ನ ಎದೆ ಧಸಕ್ ಅಂತು.

ಗೋಡೆಯಾಚೆ ಒಬ್ಬ ತಂಗಿ ಇದ್ದಳು. ಅವಳ ಹೆಸರು ಹೇಳುವುದಿಲ್ಲ. ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದಳು. ನನ್ನ ಜೊತೆಗೇ ಅಕ್ಷರ ಕಲಿಯಲು ಬರುತ್ತಿದ್ದಳು. ಎರಡು ವಾರದಿಂದ ಬಂದಿರಲಿಲ್ಲ. ನಾನು ಹೋಗಿ ನೋಡಿದೆ. ಬಲಗೈಗೆ ಬಟ್ಟೆ ಕಟ್ಟಿದ್ದಳು. ಬಿಸಿ ಮರಳು ತಾಗಿತು ಅಂದಳು. ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವುದು ಕಾದ ಮರಳಿನಲ್ಲಿ. ಸುಳ್ಳು ಹೇಳಲು ಸುಲಭ. ನಾನು ಸುಮ್ಮನೆ ಅವಳ ಕಣ್ಣು ನೋಡಿದೆ. ಅವಳು ಅತ್ತಳು.

"ಅವತ್ತು ಬಾಗಿಲು ಬಡಿದದ್ದು ನೀನೇನು?" ಅಂದೆ.

"ಹೌದಕ್ಕಾ. ನೀವು ತೆರೀಲಿಲ್ಲ. ಬೀದಿ ದೀಪದ ಬೆಳಕಿನಾಗ ನಿಮ್ಮ ಬಾಗಲ ಮ್ಯಾಲೆ ಬರೆದದ್ದು ಕಂಡಿತು. ಅಕ್ಷರ ಕೂಡಿಸಿ ಓದಿದೆ. ನಾಳೆ ಬಾ ಅಂತ ಇತ್ತು. ನನಗೇ ಬರೆದೀರಿ ಅಂದ್ಕೊಂಡೆ. ತಿರುಗಿ ಹೋದೆ."

ಅಕ್ಕ ತಂಗಿಯರೇ, ಆ ಮಾತು ಕೇಳಿ ನನಗೆ ಏನಾಗಿರಬೇಕು, ನೀವೇ ಯೋಚಿಸಿ. ನಾನು ಕಲಿತ ಅಕ್ಷರದಿಂದ ಬರೆದ ಮೊದಲ ಮಾತು ಅದು. ಅವಳು ಕಲಿತ ಅಕ್ಷರದಿಂದ ಓದಿದ ಮೊದಲ ಮಾತೂ ಅದೇ. ಅದು ಒಬ್ಬಳನ್ನು ಬಾಗಿಲಿಂದ ಹಿಂದಕ್ಕೆ ಕಳಿಸಿತು.

ಅವತ್ತೇ ಮನೆಗೆ ಬಂದು ಒದ್ದೆ ಬಟ್ಟೆ ತಗೊಂಡು ಬಾಗಿಲು ಒರೆಸಿದೆ. ಅತ್ತೆ ಏನೂ ಅನ್ನಲಿಲ್ಲ. ಅವರೂ ಒಂದು ಕೈ ಹಾಕಿದರು.

ಮುಂದಿನ ಶನಿವಾರ ನಾವು ಎಂಟು ಜನ ಹೆಂಗಸರು ನಮ್ಮ ಮನೆಯಲ್ಲಿ ಕೂತಿದ್ದೆವು. ಸದ್ದು ಶುರುವಾಯಿತು. ಎಲ್ಲರೂ ಹೋಗಿ ಅವರ ಬಾಗಿಲು ಬಡಿದೆವು. ಈಗ ಹೆದರಿದವನು ಅವನು! ಬಾಗಿಲು ತೆರೆದ. ನಾವು ಬೈಯಲಿಲ್ಲ, ಹೊಡೆಯಲಿಲ್ಲ. ಒಳಗೆ ಹೋಗಿ ಸಾಲಾಗಿ ಕೂತೆವು. ನಮ್ಮ ಅತ್ತೆ ಹೇಳಿದರು: "ಇವತ್ತು ನಾವು ಇಲ್ಲೇ ಮಲಗ್ತೀವಿ. ಬರೋ ಶನಿವಾರನೂ ಬರ್ತೀವಿ."

ಒಂದೇ ದಿನಕ್ಕೆ ಎಲ್ಲ ಸರಿ ಹೋಯಿತು ಅಂತ ಸುಳ್ಳು ಹೇಳಲಾರೆ. ಬಹಳ ದಿನ ಹಿಡಿಯಿತು. ಅವಳು ಸ್ವಲ್ಪ ಕಾಲ ತವರಿಗೆ ಹೋಗಿ ಇದ್ದಳು. ತನ್ನ ಕೂಲಿಯನ್ನು ತಾನೇ ಎಣಿಸಿ ತಗೊಳ್ಳಲು ಕಲಿತಳು. ಹೆಸರು ಬರೆದು ಬ್ಯಾಂಕಿನಲ್ಲಿ ಖಾತೆ ಮಾಡಿದಳು. ಓಣಿಯವರು ನೋಡುತ್ತಿದ್ದಾರೆ, ಕೇಳುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಅವನ ಕೈ ಇಳಿಯಿತು.

ಆಮೇಲೆ ನಾನು ಇನ್ನೊಂದು ಯೋಚನೆ ಮಾಡಿದೆ. ನಮ್ಮ ದೆವ್ವದ ಕಥೆಗಳಲ್ಲಿ ಯಾಕೆ ಅಷ್ಟೊಂದು ಹೆಂಗಸರು? ಬಾವಿಗೆ ಬಿದ್ದ ಸೊಸೆ. ಹೆರಿಗೆಯಲ್ಲಿ ಸತ್ತ ಬಾಣಂತಿ. ಬೆಂಕಿಯಲ್ಲಿ ಬೆಂದ ಹುಡುಗಿ. ಬದುಕಿದ್ದಾಗ ಅವಳ ಅಳು ಯಾರೂ ಕೇಳಲಿಲ್ಲ. ಸತ್ತ ಮೇಲೆ ಎಲ್ಲರಿಗೂ ಕೇಳುತ್ತದೆ! ಆ ಸೊಸೆ ಬಾವಿಗೆ ಬೀಳುವ ಮೊದಲು ಯಾವ ಯಾವ ಬಾಗಿಲು ಬಡಿದಿದ್ದಳೋ. ಯಾರು ತೆರೆಯಲಿಲ್ಲವೋ. ನಾವು ಅದನ್ನು ಕೇಳಲಿಲ್ಲ. ಅವಳಿಗೆ ಹೆದರಿದೆವು ಅಷ್ಟೇ.

ಹೀಗೆ ಪ್ರಶ್ನೆ ಕೇಳಿದವರು ನಾವೇ ಮೊದಲಲ್ಲ. ಡಾ. ಎಚ್. ನರಸಿಂಹಯ್ಯ ಅಂತ ಒಬ್ಬ ಮೇಷ್ಟರಿದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದರು. ಭೌತ ವಿಜ್ಞಾನ ಕಲಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು. ಅಲ್ಲಿ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿ ಮಾಡಿದರು. ಯಾರು ಏನೇ ಹೇಳಲಿ, ಪರೀಕ್ಷಿಸಿ ನೋಡಿ ಆಮೇಲೆ ನಂಬಿ ಅನ್ನುವುದು ಅವರ ದಾರಿ. 2005ರಲ್ಲಿ ತೀರಿಕೊಂಡರು.

ಕೇರಳದಲ್ಲಿ 1898ರಲ್ಲಿ ಹುಟ್ಟಿದ ಅಬ್ರಹಾಂ ಕೋವೂರ್ ಶ್ರೀಲಂಕಾದಲ್ಲಿ ಮೇಷ್ಟರಾಗಿದ್ದರು. ದೆವ್ವದ ಮನೆ ಅನ್ನುವ ಕಡೆ ತಾವೇ ಹೋಗಿ ನೋಡುತ್ತಿದ್ದರು. ಕಲ್ಲು ಬೀಳುವುದು, ಸಾಮಾನು ಎಗರುವುದು ಇಂಥ ಕಡೆ ಎಷ್ಟೋ ಸಲ ಅವರಿಗೆ ಸಿಕ್ಕದ್ದು ಮನೆಯೊಳಗಿನ ಒಬ್ಬ ನೊಂದ ಮನುಷ್ಯ. ಪವಾಡ ಶಕ್ತಿ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಕೊಡುತ್ತೇನೆ ಅಂತ ಸಾರಿದ್ದರು. 1978ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಗೆದ್ದವರು ಯಾರೂ ಇಲ್ಲ.

ಕಾನೂನೂ ಬಂದಿದೆ. ವಾಮಾಚಾರ ಮತ್ತು ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯಲು ಕರ್ನಾಟಕದಲ್ಲಿ 2017ರಲ್ಲಿ ಕಾನೂನು ಆಯಿತು. ದೆವ್ವ ಬಿಡಿಸುತ್ತೇನೆ ಅಂತ ಹೊಡೆಯುವುದು, ಹಿಂಸೆ ಮಾಡುವುದು ಅಪರಾಧ. 1 ವರ್ಷದಿಂದ 7 ವರ್ಷದವರೆಗೆ ಜೈಲು, ದಂಡ ಇದೆ. ಹೆಂಡತಿಯನ್ನು, ಸೊಸೆಯನ್ನು ಮನೆಯೊಳಗೆ ಹಿಂಸಿಸುವುದರ ವಿರುದ್ಧ 2005ರ ಕಾನೂನು ಇದೆ. ಇದು ನಿಮ್ಮ ಮನೆ ವಿಷಯ ಅಂತ ಯಾರೂ ತಳ್ಳಿಹಾಕುವ ಹಾಗಿಲ್ಲ. ಮಹಿಳಾ ಸಹಾಯವಾಣಿಯ ನಂಬರ್ 181. ತುರ್ತಾಗಿ ಪೊಲೀಸರು ಬೇಕಾದರೆ 112. ಈ ಎರಡು ನಂಬರ್ ಈಗಲೇ ಬರೆದುಕೊಳ್ಳಿ. ಬಾಗಿಲ ಹಿಂದೆ ಬರೆದಿಡಿ. ನಮ್ಮ ಕಾಲಕ್ಕೆ ಇವು ಇರಲಿಲ್ಲ.

ಕೊನೆಗೆ ನಾಲ್ಕು ಮಾತು ನೆನಪಿಡಿ.

ರಾತ್ರಿ ಸದ್ದು ಕೇಳಿದರೆ ಬರೆದಿಡಿ. ವಾರ, ಗಂಟೆ, ದಿಕ್ಕು. ಬರೆದದ್ದನ್ನು ಓದಿದರೆ ದಾರಿ ಕಾಣುತ್ತದೆ.

ಎಲ್ಲ ಸದ್ದನ್ನೂ "ಏನೂ ಇಲ್ಲ" ಅಂತ ಬಿಡಬೇಡಿ. ಮಳೆಗಾಲದಲ್ಲಿ ತೊಲೆ ಜೋರಾಗಿ ಕಿರುಗುಟ್ಟಿದರೆ, ಗೋಡೆಯಿಂದ ಮಣ್ಣು ಉದುರಿದರೆ ಅದು ಎಚ್ಚರಿಕೆ. ಗೆದ್ದಲು ತಿಂದ ತೊಲೆ ಬೆರಳಿಂದ ಬಡಿದರೆ ಟೊಳ್ಳು ದನಿ ಕೊಡುತ್ತದೆ. ಮಕ್ಕಳನ್ನು ಅದರ ಕೆಳಗೆ ಮಲಗಿಸಬೇಡಿ. ಮನೆ ಮಾಲೀಕರಿಗೆ ತಾರೀಖು ಹಾಕಿ ಪತ್ರ ಬರೆಯಿರಿ. ಒಂದು ಪ್ರತಿ ನೀವು ಇಟ್ಟುಕೊಳ್ಳಿ. ಗ್ಯಾಸ್ ಸಿಲಿಂಡರಿನ ಹತ್ತಿರ ಬುಸ್ ಅಂತ ಸದ್ದು, ವಾಸನೆ ಬಂದರೆ ದೀಪದ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ. ಕಿಟಕಿ, ಬಾಗಿಲು ತೆರೆಯಿರಿ.

ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಹೋಗಿ. ನನ್ನ ಮಗನಿಗೆ ಬಂದದ್ದು ಮಲೇರಿಯಾ. ಮಾತ್ರೆಯಿಂದ ಹೋಯಿತು. ದಿಗ್ಬಂಧನ ಮಾಡಿಸುತ್ತ ಕೂತಿದ್ದರೆ ಏನಾಗುತ್ತಿತ್ತೋ.

ಗೋಡೆಯಾಚೆ ಅಳು ಕೇಳಿದರೆ ಮುಸುಕು ಎಳೆದುಕೊಳ್ಳಬೇಡಿ. ಒಬ್ಬರೇ ಹೋಗಲು ಹೆದರಿಕೆ ಆದರೆ ನಾಲ್ಕು ಜನ ಕೂಡಿ ಹೋಗಿ.

ನನ್ನ ಮಗಳು ಮತ್ತೆ ಶಾಲೆಗೆ ಹೋದಳು. ಈಗ ಅವಳೇ ಟೀಚರ್. ಆ ಮನೆಯಲ್ಲಿ ನಾವು ಒಂಬತ್ತು ವರ್ಷ ಇದ್ದೆವು. ಬೇಸಿಗೆಯಲ್ಲಿ ತಗಡು ದಿನಾ 'ಟಣ್' ಅನ್ನುತ್ತಿತ್ತು. "ಬಿಸಿಲು ಇಳೀತು, ಮಲಗ್ರಿ" ಅನ್ನುತ್ತಿದ್ದರು ನಮ್ಮ ಅತ್ತೆ.

ಆ ಓಲೆ ಇವೇ ನೋಡಿ, ಇನ್ನೂ ಕಿವಿಯಲ್ಲಿವೆ. ಆ ಪುಸ್ತಕವೂ ನನ್ನ ಹತ್ತಿರ ಇದೆ. ಬಾಗಿಲು ಒರೆಸಿದ ದಿನ ಅದರ ಕೊನೆಯ ಹಾಳೆಯಲ್ಲಿ ಎರಡು ಮಾತು ಬರೆದಿದ್ದೆ. ಅದನ್ನೇ ನಿಮಗೂ ಹೇಳಿ ಮುಗಿಸುತ್ತೇನೆ. ನಿಮ್ಮ ಸ್ಲೇಟಿನ ಮೇಲೂ ಬರೆಯಿರಿ.

"ಒಳಗೆ ಬಾ."